ಜ್ಯಾಕ್ ದಿ ರಿಪ್ಪರ್

ಜ್ಯಾಕ್ ದಿ ರಿಪ್ಪರ್ ಎಂಬುದು 1888ರಲ್ಲಿ ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್ ಹಾಗೂ ಅದರ ಸುತ್ತಲಿನ ಬೀದಿಗಳಲ್ಲಿ ಬಡ ಮಹಿಳೆಯರನ್ನು ಕೊಂದ, ಇಂದಿಗೂ ಗುರುತು ಸಿಗದ ಹಂತಕನಿಗೆ ರೂಢಿಯಲ್ಲಿರುವ ಹೆಸರು. ಇದು ಪೊಲೀಸರು ಇಟ್ಟ ಹೆಸರಲ್ಲ. ಹಂತಕನೇ ಬರೆದನೆಂದು ಹೇಳಿಕೊಂಡು ಸುದ್ದಿಸಂಸ್ಥೆಯೊಂದಕ್ಕೆ ಬಂದ ಪತ್ರದ ಕೆಳಗಿದ್ದ ಸಹಿ. ಆ ಪತ್ರ ಪತ್ರಕರ್ತನೊಬ್ಬನ ಕೈವಾಡವೆಂದು ಹಿರಿಯ ಪೊಲೀಸ್ ಅಧಿಕಾರಿಗಳೇ ಮುಂದೆ ಬರೆದಿದ್ದಾರೆ. ಪ್ರಕರಣದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಈವರೆಗೆ ನೂರಕ್ಕೂ ಹೆಚ್ಚು ಮಂದಿಯನ್ನು ಶಂಕಿತರೆಂದು ಹೆಸರಿಸಲಾಗಿದೆ; ಅವರಲ್ಲಿ ಹೆಚ್ಚಿನವರ ಮೇಲೆ 1888ರ ಪೊಲೀಸರಿಗೆ ಯಾವ ಅನುಮಾನವೂ ಇರಲಿಲ್ಲ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಈಸ್ಟ್ ಎಂಡ್ ವಿಪರೀತ ಜನಸಂದಣಿಯ, ಕಡುಬಡತನದ ಪ್ರದೇಶವಾಗಿತ್ತು. ಐರ್ಲೆಂಡಿನಿಂದ ಬಂದ ಕೂಲಿಕಾರರ ಜೊತೆಗೆ, 1881ರ ನಂತರ ರಷ್ಯಾ ಸಾಮ್ರಾಜ್ಯದ ದೌರ್ಜನ್ಯಗಳಿಂದ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬಗಳೂ ಇಲ್ಲಿ ನೆಲೆಸಿದ್ದವು. ಸ್ವಂತ ಕೋಣೆಯಿಲ್ಲದ ಸಾವಿರಾರು ಜನರು ದಿನದ ಲೆಕ್ಕದಲ್ಲಿ ಹಾಸಿಗೆ ಬಾಡಿಗೆಗೆ ಕೊಡುವ ಸಾಮೂಹಿಕ ವಸತಿಗೃಹಗಳಲ್ಲಿ ರಾತ್ರಿ ಕಳೆಯುತ್ತಿದ್ದರು. ಒಂದು ಹಾಸಿಗೆಗೆ ಸಾಮಾನ್ಯವಾಗಿ 4 ಪೆನ್ಸ್ ಬಾಡಿಗೆಯಿತ್ತು. ಪ್ರಕರಣವನ್ನು ಅರಿಯಲು ಈ ಸಣ್ಣ ಮೊತ್ತ ಮುಖ್ಯವಾದುದು. ಮೊದಲು ಕೊಲೆಯಾದ ಮೇರಿ ಆನ್ ನಿಕೋಲ್ಸ್ ಮತ್ತು ಆನಿ ಚಾಪ್‌ಮನ್ ಇಬ್ಬರೂ ಅಂದು ರಾತ್ರಿ ಹಾಸಿಗೆಯ ಹಣವಿಲ್ಲದೆ ವಸತಿಗೃಹದಿಂದ ಬೀದಿಗೆ ಬಂದವರಾಗಿದ್ದರು.

ಕೊಲೆಗಳು

ಪೊಲೀಸರ 'ವೈಟ್‌ಚಾಪೆಲ್ ಕೊಲೆಗಳು' ಎಂಬ ಕಡತದಲ್ಲಿ 1888ರ ಏಪ್ರಿಲ್‌ನಿಂದ 1891ರ ಫೆಬ್ರವರಿಯವರೆಗಿನ 11 ಪ್ರಕರಣಗಳಿವೆ. ಇವುಗಳಲ್ಲಿ ಐದನ್ನು ಮಾತ್ರ ಒಬ್ಬನೇ ಹಂತಕನ ಕೃತ್ಯವೆಂದು ಸಾಮಾನ್ಯವಾಗಿ ಒಪ್ಪಲಾಗುತ್ತದೆ. ಆಗಸ್ಟ್ 31ರಂದು ಬಕ್ಸ್ ರೋ ಬೀದಿಯಲ್ಲಿ ಮೇರಿ ಆನ್ ನಿಕೋಲ್ಸ್, ಸೆಪ್ಟೆಂಬರ್ 8ರಂದು ಹ್ಯಾನ್‌ಬರಿ ಬೀದಿಯ ಮನೆಯೊಂದರ ಹಿತ್ತಲಿನಲ್ಲಿ ಆನಿ ಚಾಪ್‌ಮನ್ ಕೊಲೆಯಾದರು. ಸೆಪ್ಟೆಂಬರ್ 30ರ ನಸುಕಿನಲ್ಲಿ ಒಂದು ಗಂಟೆಗೂ ಕಡಿಮೆ ಅಂತರದಲ್ಲಿ ಇಬ್ಬರ ಶವಗಳು ಪತ್ತೆಯಾದವು: ಬರ್ನರ್ ಬೀದಿಯಲ್ಲಿ ಎಲಿಜಬೆತ್ ಸ್ಟ್ರೈಡ್, ಮೈಟರ್ ಚೌಕದಲ್ಲಿ ಕ್ಯಾಥರೀನ್ ಎಡೋಸ್. ನವೆಂಬರ್ 9ರಂದು ಮಿಲ್ಲರ್ಸ್ ಕೋರ್ಟ್‌ನ ತಮ್ಮ ಬಾಡಿಗೆ ಕೋಣೆಯಲ್ಲೇ ಮೇರಿ ಜೇನ್ ಕೆಲ್ಲಿ ಕೊಲೆಯಾದರು. ಐವರಲ್ಲಿ ಮನೆಯೊಳಗೆ ಸತ್ತವರು ಇವರೊಬ್ಬರೇ. ಎಲ್ಲರ ಕತ್ತನ್ನೂ ಕೊಯ್ಯಲಾಗಿತ್ತು. ಸ್ಟ್ರೈಡ್ ಹೊರತು ಉಳಿದವರ ದೇಹಗಳನ್ನು ಛಿದ್ರಗೊಳಿಸಲಾಗಿತ್ತು. ಈ ವ್ಯತ್ಯಾಸದಿಂದಾಗಿ ಸ್ಟ್ರೈಡ್ ಅವರನ್ನು ಪಟ್ಟಿಯಿಂದ ಕೈಬಿಡಬೇಕೆಂದು ಕೆಲವರೂ, ಹಂತಕನಿಗೆ ಅಡಚಣೆಯಾಗಿ ಓಡಿಹೋಗಿರಬೇಕೆಂದು ಕೆಲವರೂ ವಾದಿಸುತ್ತಾರೆ. ಆಗಸ್ಟ್ 7ರಂದು ಕೊಲೆಯಾದ ಮಾರ್ತಾ ಟ್ಯಾಬ್ರಮ್ ಅವರನ್ನು ಸೇರಿಸಬೇಕೆನ್ನುವವರೂ ಇದ್ದಾರೆ. 'ಐದು' ಎಂಬ ಸಂಖ್ಯೆಯೇ ಒಂದು ಅಭಿಪ್ರಾಯವೆಂಬುದನ್ನು ಓದುಗರು ಗಮನದಲ್ಲಿಡಬೇಕಾಗುತ್ತದೆ.

ತನಿಖೆ

ಸ್ಥಳೀಯ ತನಿಖೆಯಲ್ಲಿ ಸ್ಕಾಟ್ಲೆಂಡ್ ಯಾರ್ಡ್‌ನ ಇನ್‌ಸ್ಪೆಕ್ಟರ್ ಫ್ರೆಡರಿಕ್ ಆಬರ್ಲೈನ್ ಪ್ರಮುಖರಾಗಿದ್ದರು. ವರದಿಗಳೆಲ್ಲ ಮುಖ್ಯ ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್ ಅವರ ಮೇಜಿಗೆ ಬರುತ್ತಿದ್ದವು. ಮೈಟರ್ ಚೌಕ ಮಾತ್ರ ಬೇರೆಯೇ ಪಡೆಯಾದ ಸಿಟಿ ಆಫ್ ಲಂಡನ್ ಪೊಲೀಸರ ವ್ಯಾಪ್ತಿಗೆ ಸೇರಿತ್ತು. ಮನೆಮನೆ ಶೋಧ ನಡೆಯಿತು; 2,000ಕ್ಕೂ ಹೆಚ್ಚು ಜನರ ವಿಚಾರಣೆಯಾಯಿತು; ಸುಮಾರು 80 ಮಂದಿಯನ್ನು ವಶಕ್ಕೆ ಪಡೆಯಲಾಯಿತು.

ಅಂದಿನ ಪೊಲೀಸರ ವೈಫಲ್ಯವನ್ನು ಅಳೆಯುವಾಗ ಅವರ ಬಳಿ ಏನಿರಲಿಲ್ಲ ಎಂಬುದನ್ನೂ ನೋಡಬೇಕು. ರಕ್ತದ ಕಲೆ ಮನುಷ್ಯನದೋ ಪ್ರಾಣಿಯದೋ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಬಂದದ್ದು 1901ರಲ್ಲಿ. ಕಸಾಯಿಖಾನೆಗಳು ತುಂಬಿದ್ದ ಪ್ರದೇಶದಲ್ಲಿ ಇದು ಸಣ್ಣ ಕೊರತೆಯಲ್ಲ. ಬೆರಳಚ್ಚು ವಿಭಾಗವೂ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಆರಂಭವಾದದ್ದು 1901ರಲ್ಲೇ. ಅದು ಕಲ್ಕತ್ತಾದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ನೆರವಿನಿಂದ ಎಡ್ವರ್ಡ್ ಹೆನ್ರಿ ರೂಪಿಸಿದ ಪದ್ಧತಿಯನ್ನು ಆಧರಿಸಿತ್ತು. ಹೀಗಾಗಿ ಹಂತಕನನ್ನು ಕೃತ್ಯದ ಹೊತ್ತಿನಲ್ಲೇ ಹಿಡಿಯುವುದು ಅಥವಾ ಅವನಿಂದ ತಪ್ಪೊಪ್ಪಿಗೆ ಪಡೆಯುವುದು ಬಿಟ್ಟರೆ ಪೊಲೀಸರಿಗೆ ಹೆಚ್ಚಿನ ದಾರಿಗಳಿರಲಿಲ್ಲ.

ವೈದ್ಯರಲ್ಲೂ ಒಮ್ಮತವಿರಲಿಲ್ಲ. ಚಾಪ್‌ಮನ್ ಅವರ ಶವ ಪರೀಕ್ಷಿಸಿದ ಡಾ. ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್, ಹಂತಕನಿಗೆ ಅಂಗರಚನೆಯ ತಿಳಿವಳಿಕೆ ಇದೆಯೆಂದರು. ಡಾ. ಥಾಮಸ್ ಬಾಂಡ್ ನವೆಂಬರ್ 10ರ ವರದಿಯಲ್ಲಿ, ಅವನಿಗೆ ಕಸಾಯಿಯವನಷ್ಟು ತಿಳಿವಳಿಕೆಯೂ ಇಲ್ಲವೆಂದರು. ಹಂತಕನ ಸ್ವಭಾವ, ವೇಷ, ವೃತ್ತಿಗಳನ್ನು ಊಹಿಸಲೆತ್ನಿಸಿದ ಬಾಂಡ್ ವರದಿಯನ್ನು ಅಪರಾಧಿಯ ಮನೋಚಿತ್ರಣದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. 'ವೈದ್ಯ ಹಂತಕ' ಎಂಬ ಜನಪ್ರಿಯ ಕಲ್ಪನೆ ನಿಂತಿರುವುದು ಇವೆರಡರಲ್ಲಿ ಮೊದಲ ಅಭಿಪ್ರಾಯದ ಮೇಲೆ ಮಾತ್ರ.

ಸೆಪ್ಟೆಂಬರ್ 30ರ ರಾತ್ರಿ ಗೌಲ್‌ಸ್ಟನ್ ಬೀದಿಯ ಬಾಗಿಲೊಂದರ ಬಳಿ ಎಡೋಸ್ ಅವರ ಮೇಲುಡುಪಿನ ರಕ್ತಸಿಕ್ತ ತುಂಡು ಸಿಕ್ಕಿತು. ಅದರ ಮೇಲ್ಭಾಗದ ಗೋಡೆಯಲ್ಲಿ ಯಹೂದಿಗಳನ್ನು ಕುರಿತ ಅಸ್ಪಷ್ಟ ಅರ್ಥದ ಬರಹವೊಂದು ಸೀಮೆಸುಣ್ಣದಲ್ಲಿತ್ತು. ಬೆಳಗಾದರೆ ಗಲಭೆಯಾದೀತೆಂದು ಪೊಲೀಸ್ ಆಯುಕ್ತ ಸರ್ ಚಾರ್ಲ್ಸ್ ವಾರನ್ ಅದನ್ನು ಛಾಯಾಚಿತ್ರ ತೆಗೆಯುವ ಮೊದಲೇ ಒರೆಸಿಹಾಕಿಸಿದರು. ಈ ನಿರ್ಧಾರ ಇಂದಿಗೂ ಟೀಕೆಗೊಳಗಾಗುತ್ತದೆ. ಆದರೆ ವಾರನ್ ಅವರ ಆತಂಕ ನಿರಾಧಾರವಾಗಿರಲಿಲ್ಲ: 'ಚರ್ಮದ ಮೇಲುಡುಪಿನವನು' ಎಂಬ ವದಂತಿಯಿಂದಾಗಿ ಜಾನ್ ಪೈಜರ್ ಎಂಬ ಯಹೂದಿ ಚಮ್ಮಾರನನ್ನು ಕೆಲವೇ ವಾರಗಳ ಹಿಂದೆ ಬಂಧಿಸಿ, ನಿರಪರಾಧಿಯೆಂದು ಬಿಡಲಾಗಿತ್ತು. ಬರಹವನ್ನು ನಕಲು ಮಾಡಿಕೊಂಡ ಪೊಲೀಸರ ಪ್ರತಿಗಳೂ ಒಂದಕ್ಕೊಂದು ಹೊಂದುವುದಿಲ್ಲ.

ಪತ್ರಗಳು

ಸೆಪ್ಟೆಂಬರ್ 27ರಂದು ಸೆಂಟ್ರಲ್ ನ್ಯೂಸ್ ಏಜೆನ್ಸಿಗೆ ಕೆಂಪು ಶಾಯಿಯ ಪತ್ರವೊಂದು ಬಂತು. ಹಂತಕನಿಗೆ ಹೆಸರು ಸಿಕ್ಕಿದ್ದು ಇದರಿಂದಲೇ. ಕೈಬರಹವನ್ನು ಯಾರಾದರೂ ಗುರುತಿಸಲೆಂದು ಪೊಲೀಸರು ಅದರ ಪ್ರತಿಯನ್ನು ಮುದ್ರಿಸಿ ಹಂಚಿದರು. ಪರಿಣಾಮ ವ್ಯತಿರಿಕ್ತವಾಯಿತು: ಅದೇ ಸಹಿಯ ನೂರಾರು ಪತ್ರಗಳು ಬಂದು ತನಿಖೆಯ ಸಮಯ ನುಂಗಿದವು. ಅಧಿಕಾರಿ ಜಾನ್ ಲಿಟಲ್‌ಚೈಲ್ಡ್ 1913ರ ಪತ್ರದಲ್ಲಿ ಸುದ್ದಿಸಂಸ್ಥೆಯ ವರದಿಗಾರನೊಬ್ಬನ ಮೇಲೆಯೇ ಸಂದೇಹ ವ್ಯಕ್ತಪಡಿಸಿದ್ದಾರೆ. ಸ್ಥಳೀಯ ಜಾಗೃತ ಸಮಿತಿಯ ಅಧ್ಯಕ್ಷ ಜಾರ್ಜ್ ಲಸ್ಕ್ ಅವರಿಗೆ ಅಕ್ಟೋಬರ್ 16ರಂದು ಅರ್ಧ ಮೂತ್ರಪಿಂಡದೊಂದಿಗೆ ಬಂದ ಪತ್ರದ ವಿಷಯದಲ್ಲಿ ಮಾತ್ರ ಚರ್ಚೆ ಮುಗಿದಿಲ್ಲ. ಅದರಲ್ಲಿ ಆ ಹೆಸರಿನ ಸಹಿಯಿರಲಿಲ್ಲ.

ಶಂಕಿತರು ಮತ್ತು ವಾದಗಳು

ಹೆಚ್ಚಿನ ಗಂಭೀರ ವಾದಗಳ ಮೂಲ ಒಂದೇ ದಾಖಲೆ: ಸರ್ ಮೆಲ್ವಿಲ್ ಮೆಕ್‌ನಾಟನ್ 1894ರ ಫೆಬ್ರವರಿಯಲ್ಲಿ ಬರೆದ ಟಿಪ್ಪಣಿ. ಐವರೇ ಬಲಿಯಾದವರೆಂದು ಹೇಳುವ ಈ ಟಿಪ್ಪಣಿ ಮೂವರು ಶಂಕಿತರನ್ನು ಹೆಸರಿಸುತ್ತದೆ. ಆದರೆ ಮೆಕ್‌ನಾಟನ್ ಪೊಲೀಸ್ ಇಲಾಖೆ ಸೇರಿದ್ದು 1889ರಲ್ಲಿ, ಐದು ಕೊಲೆಗಳೂ ನಡೆದ ಮೇಲೆ. ಟಿಪ್ಪಣಿಯಲ್ಲಿ ಪರಿಶೀಲಿಸಬಹುದಾದ ಸಂಗತಿಗಳೇ ತಪ್ಪಾಗಿವೆ. ಮೊದಲನೆಯವನಾದ ಮಾಂಟೇಗ್ ಡ್ರೂಯಿಟ್‌ನನ್ನು ಸುಮಾರು 41 ವರ್ಷದ ವೈದ್ಯನೆಂದು ಹೇಳಲಾಗಿದೆ. ಅವನು ವಕೀಲನೂ ಶಾಲಾ ಶಿಕ್ಷಕನೂ ಆಗಿದ್ದ 31ರ ಯುವಕ. ಅವನ ಶವ 1888ರ ಡಿಸೆಂಬರ್ 31ರಂದು ಥೇಮ್ಸ್ ನದಿಯಲ್ಲಿ ಸಿಕ್ಕಿತ್ತು. ಕೊಲೆಗಳು ನಿಂತ ಸಮಯಕ್ಕೆ ಅವನ ಸಾವು ಹೊಂದುತ್ತದೆಂಬುದು ಬಿಟ್ಟರೆ ಬೇರೆ ಆಧಾರ ಕಾಣುವುದಿಲ್ಲ. ಇನ್ನೊಬ್ಬ, ವಂಚಕ ಮೈಕೆಲ್ ಓಸ್ಟ್ರಾಗ್, ಆ ಸಮಯದಲ್ಲಿ ಫ್ರಾನ್ಸಿನಲ್ಲಿ ಸೆರೆಯಲ್ಲಿದ್ದನೆಂದು ತಿಳಿದುಬಂದಿದೆ.

ಮೂರನೆಯ ಹೆಸರು ಕೋಸ್ಮಿನ್‌ಸ್ಕಿ. 1910ರ ಪುಸ್ತಕವೊಂದರ ಅಂಚಿನಲ್ಲಿ ಸ್ವಾನ್ಸನ್ ಇದೇ ಹೆಸರನ್ನು ಬರೆದಿಟ್ಟದ್ದು 1987ರಲ್ಲಿ ಬೆಳಕಿಗೆ ಬಂತು. 1891ರಲ್ಲಿ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾದ ಪೋಲೆಂಡ್ ಮೂಲದ ಕ್ಷೌರಿಕ ಆರನ್ ಕೋಸ್ಮಿನ್‌ಸ್ಕಿಯೇ ಈತನೆಂದು ಹೇಳಲಾಗುತ್ತದೆ. ಶಂಕಿತನು ಚಿಕಿತ್ಸಾಲಯದಲ್ಲಿ ಬೇಗನೆ ಸತ್ತನೆಂದು ಸ್ವಾನ್ಸನ್ ಬರೆದಿದ್ದಾರೆ. ಆರನ್ ಬದುಕಿದ್ದು 1919ರವರೆಗೆ. ಎಡೋಸ್ ಅವರದೆನ್ನಲಾದ ಶಾಲೊಂದರ ಡಿಎನ್‌ಎ ಪರೀಕ್ಷೆಯಿಂದ ಪ್ರಕರಣ ಬಗೆಹರಿದಿದೆ ಎಂದು 2014ರಲ್ಲೂ 2019ರಲ್ಲೂ ಸುದ್ದಿಯಾಯಿತು. ಶಾಲು ಘಟನಾಸ್ಥಳದಲ್ಲಿತ್ತೆಂಬುದಕ್ಕೆ ಅಂದಿನ ದಾಖಲೆಯಿಲ್ಲ. ಪರೀಕ್ಷಿಸಿದ್ದು ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯ ಡಿಎನ್‌ಎ. ಅದು ಸಾವಿರಾರು ಜನರಲ್ಲಿ ಒಂದೇ ಆಗಿರಬಹುದಾದ ಕಾರಣ ವ್ಯಕ್ತಿಯನ್ನು ಹೊರಗಿಡಬಲ್ಲದೇ ಹೊರತು ಇವನೇ ಎಂದು ಬೊಟ್ಟು ಮಾಡಲಾರದು.

ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಹೆಸರು 1960ರ ದಶಕದ ನಂತರ ಕೇಳಿಬಂತು. 1976ರ ಸ್ಟೀಫನ್ ನೈಟ್ ಅವರ ಪುಸ್ತಕ ಇದನ್ನು ಅರಮನೆಯ ಮತ್ತು ಫ್ರೀಮೇಸನ್ನರ ಒಳಸಂಚಾಗಿ ಬೆಳೆಸಿತು. ಕಥೆಗೆ ಆಧಾರ ಒದಗಿಸಿದ ವ್ಯಕ್ತಿಯೇ ಅದನ್ನು ಕಟ್ಟುಕಥೆಯೆಂದು 1978ರಲ್ಲಿ ಒಪ್ಪಿಕೊಂಡನು. ಕೊಲೆಯ ದಿನಗಳಲ್ಲಿ ರಾಜಕುಮಾರ ಲಂಡನ್ನಿನಿಂದ ದೂರವಿದ್ದರೆಂಬುದು ದಾಖಲೆಗಳಿಂದ ತಿಳಿಯುತ್ತದೆ. ಸೆಪ್ಟೆಂಬರ್ 30ರಂದು ಅವರು ಸ್ಕಾಟ್ಲೆಂಡಿನಲ್ಲಿದ್ದರು. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದವರು ಇದೇ ರಾಜಕುಮಾರ. ಚಿತ್ರಕಾರ ವಾಲ್ಟರ್ ಸಿಕರ್ಟ್, ಲಿವರ್‌ಪೂಲ್‌ನ ಹತ್ತಿ ವ್ಯಾಪಾರಿ ಜೇಮ್ಸ್ ಮೇಬ್ರಿಕ್ ಮೊದಲಾದವರ ಮೇಲಿನ ವಾದಗಳೂ ಇಷ್ಟೇ ದುರ್ಬಲ. ಮೇಬ್ರಿಕ್‌ನದೆನ್ನಲಾದ ದಿನಚರಿಯನ್ನು ಹೊರತಂದವನೇ ಅದು ನಕಲಿಯೆಂದು ಒಮ್ಮೆ ಹೇಳಿ, ಬಳಿಕ ಮಾತು ಹಿಂತೆಗೆದುಕೊಂಡನು.

ಬಲಿಯಾದವರು

ಒಂದು ಶತಮಾನಕ್ಕೂ ಹೆಚ್ಚು ಕಾಲ ಬರಹಗಾರರ ಆಸಕ್ತಿ ಹಂತಕನ ಸುತ್ತಲೇ ಸುತ್ತಿತು. ಕೊಲೆಯಾದವರನ್ನು ಒಟ್ಟಾಗಿ ವೇಶ್ಯೆಯರೆಂದು ಕರೆದು ಮುಂದೆ ಸಾಗುವುದು ವಾಡಿಕೆಯಾಯಿತು. ಇತಿಹಾಸಕಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ 2019ರ 'ದಿ ಫೈವ್' ಕೃತಿಯಲ್ಲಿ ಇದನ್ನು ಪ್ರಶ್ನಿಸಿದರು. ನಿಕೋಲ್ಸ್, ಚಾಪ್‌ಮನ್ ಮತ್ತು ಎಡೋಸ್ ಆ ವೃತ್ತಿಯಲ್ಲಿದ್ದರೆಂಬುದಕ್ಕೆ ದೃಢ ಸಾಕ್ಷ್ಯವಿಲ್ಲವೆಂಬುದು ಅವರ ವಾದ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಐವರ ಬದುಕಿನ ವಿವರಗಳಾದರೂ ಈಗ ಹೆಚ್ಚು ತಿಳಿದಿವೆ. ನಿಕೋಲ್ಸ್ ಮುದ್ರಣ ಕೆಲಸಗಾರನ ಪತ್ನಿ, ಐದು ಮಕ್ಕಳ ತಾಯಿ. ಚಾಪ್‌ಮನ್ ಅವರಿಗೆ ಬೇರೆಯಾಗಿದ್ದ ಪತಿಯಿಂದ ವಾರಕ್ಕೆ 10 ಶಿಲಿಂಗ್ ಬರುತ್ತಿತ್ತು; 1886ರಲ್ಲಿ ಆತನ ಸಾವಿನೊಂದಿಗೆ ಅದು ನಿಂತಿತು. ಸ್ಟ್ರೈಡ್ ಸ್ವೀಡನ್ನಿನವರು. ಎಡೋಸ್ ಕೆಂಟ್ ಪ್ರಾಂತ್ಯದ ಹೊಲಗಳಲ್ಲಿ ಕೂಲಿ ಮಾಡಿ ಕೆಲವೇ ದಿನಗಳ ಹಿಂದೆ ಮರಳಿದ್ದರು. ಕುಡಿದಿದ್ದರೆಂದು ಠಾಣೆಯಲ್ಲಿ ಕೂರಿಸಿದ್ದ ಅವರನ್ನು ಪೊಲೀಸರು ಬಿಟ್ಟದ್ದು ರಾತ್ರಿ ಸುಮಾರು ಒಂದು ಗಂಟೆಗೆ, ಶವ ಸಿಕ್ಕಿದ್ದು 1:45ಕ್ಕೆ. ಮೇರಿ ಜೇನ್ ಕೆಲ್ಲಿ ಐರ್ಲೆಂಡಿನ ಲಿಮೆರಿಕ್‌ನಲ್ಲಿ ಹುಟ್ಟಿ ವೇಲ್ಸ್‌ನಲ್ಲಿ ಬೆಳೆದರೆಂದು ಜೊತೆಗಿದ್ದ ವ್ಯಕ್ತಿ ನ್ಯಾಯ ವಿಚಾರಣೆಯಲ್ಲಿ ಹೇಳಿದನು. ಅದನ್ನು ದೃಢಪಡಿಸುವ ಜನನ ದಾಖಲೆಯಾಗಲಿ ಕುಟುಂಬವಾಗಲಿ ಈವರೆಗೆ ಪತ್ತೆಯಾಗಿಲ್ಲ. ಅದು ಅವರ ನಿಜವಾದ ಹೆಸರಾಗಿತ್ತೇ ಎಂಬುದೂ ಇತ್ಯರ್ಥವಾಗಿಲ್ಲ.