ಸ್ವಿಚ್ಚಿನ ಪ್ರತಿ ಸೆಟ್ಟಿಂಗಿಗೂ ಒಂದು ಇತಿಹಾಸ

ಸಿಂಧನೂರಿನ ಒಂದು ಕಾಲೇಜಿನ ಗಣಕ ಪ್ರಯೋಗಾಲಯ. ಪ್ರಾಯೋಗಿಕ ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಒಂದು ಗಣಕವೂ ಸರ್ವರನ್ನು ತಲುಪುತ್ತಿರಲಿಲ್ಲ. ಗೋಡೆಯ ಪೆಟ್ಟಿಗೆಯಲ್ಲಿದ್ದ ಸ್ವಿಚ್ಚಿನ ದೀಪಗಳು ಮಾತ್ರ ಎಲ್ಲವೂ ಒಟ್ಟಿಗೆ ಎಡೆಬಿಡದೆ ಮಿನುಗುತ್ತಿದ್ದವು. "ಸ್ವಿಚ್ ಕೆಟ್ಟು ಹೋಗ್ಯಾದ್ರಿ ಸರ್, ಹೊಸದೇ ತರಸಬೇಕು" ಎಂದರು ಅಲ್ಲಿನ ಸಹಾಯಕರು.

ಸ್ವಿಚ್ ಕೆಟ್ಟಿರಲಿಲ್ಲ. ಯಾರೋ ಕಸ ಗುಡಿಸುವಾಗ ಜೋತಾಡುತ್ತಿದ್ದ ಕೇಬಲ್ಲಿನ ತುದಿಯನ್ನು ಖಾಲಿ ಪೋರ್ಟಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಅದನ್ನು ಕಿತ್ತೊಡನೆ ಜಾಲ ಸರಿಹೋಯಿತು. ಆದರೆ ಅದು 'ಮ್ಯಾನೇಜ್ಡ್' ಸ್ವಿಚ್. ಅಂದರೆ ಪ್ರತಿ ಪೋರ್ಟು ಹೇಗೆ ವರ್ತಿಸಬೇಕೆಂದು ನಾವು ಆದೇಶ ಕೊಡಬಹುದಾದ ಉಪಕರಣ. ಇಂತಹ ತಪ್ಪನ್ನು ತಾನೇ ತಡೆಯುವ ವ್ಯವಸ್ಥೆ ಅದರಲ್ಲಿ ಇದೆ. ಹಾಗಾದರೆ ಅದೇಕೆ ತಡೆಯಲಿಲ್ಲ? ಉತ್ತರಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಿತ್ತೂರಿನಿಂದ 'ಕಲ್ಪನಾ'ವರೆಗೆ

ಸ್ವಿಚ್ಚಿನ ಕೆಲಸ ನಮ್ಮ ಹಳ್ಳಿಗಳಿಗೆ ಹೊಸದಲ್ಲ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಬಿಸಿಲು, ಧೂಳಿನ ನಡುವೆ ಹವಾನಿಯಂತ್ರಣವಿಲ್ಲದೆ ದುಡಿಯುವಂತೆ ಅದನ್ನು ರಚಿಸಲಾಗಿತ್ತು. ದೂರವಾಣಿ ಸ್ವಿಚ್ ಒಂದು ಕರೆಗೆ ಒಂದು ದಾರಿಯನ್ನು ಮಾತು ಮುಗಿಯುವವರೆಗೂ ಕಾದಿರಿಸುತ್ತದೆ.

ಗಣಕಗಳ ಜಾಲ ಬೇರೆ ದಾರಿ ಹಿಡಿಯಿತು. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸಿದ ಈಥರ್‌ನೆಟ್‌ನಲ್ಲಿ ಎಲ್ಲ ಗಣಕಗಳಿಗೂ ಒಂದೇ ತಂತಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಸಂಕೇತಗಳು ಡಿಕ್ಕಿಯಾಗುತ್ತಿದ್ದವು. 1990ರಲ್ಲಿ ಕ್ಯಾಲಿಫೋರ್ನಿಯದ 'ಕಲ್ಪನಾ' ಎಂಬ ಕಂಪನಿ 7 ಪೋರ್ಟುಗಳ ಈಥರ್‌ಸ್ವಿಚ್ ತಂದಿತು. ಭಾರತ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲೊಬ್ಬರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು.

ಸ್ವಿಚ್ ಮಾಡುವುದಿಷ್ಟು: ಬಂದ ಪ್ರತಿ ಫ್ರೇಮಿನ, ಅಂದರೆ ದತ್ತಾಂಶದ ಕಟ್ಟಿನ, ಕಳುಹಿಸಿದವರ ವಿಳಾಸವನ್ನು ನೋಡಿ, ಯಾವ ಗಣಕ ಯಾವ ಪೋರ್ಟಿನಲ್ಲಿದೆ ಎಂದು ಬರೆದುಕೊಳ್ಳುತ್ತದೆ. ತಲುಪಬೇಕಾದ ವಿಳಾಸ ಗೊತ್ತಿಲ್ಲದಿದ್ದರೆ, ಅಥವಾ ಸಂದೇಶ ಎಲ್ಲರಿಗೂ ಸೇರಿದ್ದಾದರೆ, ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಕಳುಹಿಸುತ್ತದೆ.

ಕೊನೆಯಿಲ್ಲದ ಸುತ್ತು

ಈಗ ನಮ್ಮ ಕೇಬಲ್ಲನ್ನು ನೆನೆಯಿರಿ. ಎಲ್ಲರಿಗೂ ಹೊರಟ ಸಂದೇಶ ಒಂದು ಪೋರ್ಟಿನಿಂದ ಹೊರಟು ಇನ್ನೊಂದರಿಂದ ಒಳಬಂದು ಮತ್ತೆ ಎಲ್ಲ ಕಡೆ ಹೋಗುತ್ತದೆ. ಅಂತರಜಾಲದ ಐಪಿ ಪೊಟ್ಟಣದಲ್ಲಿ ಪ್ರತಿ ನಿಲ್ದಾಣದಲ್ಲೂ ಕಡಿಮೆಯಾಗುವ ಒಂದು ಎಣಿಕೆ ಇದೆ. ಅದು ಸೊನ್ನೆಯಾದರೆ ಪೊಟ್ಟಣ ನಾಶ. ಈಥರ್‌ನೆಟ್ ಫ್ರೇಮಿಗೆ ಅಂತಹ ಎಣಿಕೆಯಿಲ್ಲ. ಆದ್ದರಿಂದ ಅದು ನಿಲ್ಲದೆ ಸುತ್ತುತ್ತದೆ, ಜಾಲವನ್ನೆಲ್ಲ ತುಂಬಿಬಿಡುತ್ತದೆ.

1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ ಇದಕ್ಕೆ ಪರಿಹಾರ ಕಂಡರು. ಸ್ವಿಚ್ಚುಗಳು ಪರಸ್ಪರ ಸಂದೇಶ ಕಳುಹಿಸಿ, ತಮ್ಮಲ್ಲೊಂದನ್ನು ಬೇರೆಂದು ಆರಿಸಿ, ಸುತ್ತು ಉಂಟುಮಾಡುವ ಕೊಂಡಿಗಳನ್ನು ಮುಚ್ಚುತ್ತವೆ. ಉಳಿಯುವುದು ಮರದಂತೆ ಕವಲೊಡೆಯುವ ಜಾಲ. ಇದೇ ಸ್ಪ್ಯಾನಿಂಗ್ ಟ್ರೀ. 1990ರಲ್ಲಿ ಇದು ಐಇಇಇ ಮಾನಕವಾಯಿತು.

ಆದರೆ ಇದಕ್ಕೊಂದು ಬೆಲೆಯಿತ್ತು. ಪೋರ್ಟು ತೆರೆಯುವ ಮೊದಲು 15 ಸೆಕೆಂಡು ಆಲಿಸುತ್ತದೆ, ಮತ್ತೆ 15 ಸೆಕೆಂಡು ಕಲಿಯುತ್ತದೆ. ಆ ಅರ್ಧ ನಿಮಿಷದಲ್ಲಿ ಗಣಕ ತನಗೊಂದು ವಿಳಾಸ ಕೇಳಿದರೆ ಉತ್ತರವಿಲ್ಲ. ಇದನ್ನು ಹೇಳುತ್ತಿದ್ದಂತೆ ಸಹಾಯಕರಿಗೆ ನೆನಪಾಯಿತು: "ಹೌದ್ರಿ ಸರ್, ಮೊದಲು ಹಂಗೇ ಆಗ್ತಿತ್ತು. ಆಮ್ಯಾಲ ಯಾರೋ ಬಂದು ಸರಿ ಮಾಡಿ ಹೋದ್ರು." ಸರಿ ಮಾಡಿದ್ದು ಸ್ಪ್ಯಾನಿಂಗ್ ಟ್ರೀಯನ್ನೇ ಆರಿಸುವ ಮೂಲಕ! ಗಣಕಗಳಿರುವ ಪೋರ್ಟುಗಳನ್ನಷ್ಟೇ 'ಅಂಚಿನ ಪೋರ್ಟು' ಎಂದು ಗುರುತಿಸಿದ್ದರೆ ಸಾಕಿತ್ತು. ಸಣ್ಣ ತೊಂದರೆ ಹೋಯಿತು, ದೊಡ್ಡದಕ್ಕೆ ಬಾಗಿಲು ತೆರೆಯಿತು.

ಇದು ಸಣ್ಣ ಊರಿನ ಕಥೆ ಮಾತ್ರವಲ್ಲ. 2002ರ ನವೆಂಬರಿನಲ್ಲಿ ಬೋಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದರ ಜಾಲ ಸ್ಪ್ಯಾನಿಂಗ್ ಟ್ರೀಯ ಮಿತಿ ಮೀರಿ ಬೆಳೆದು ಕೆಲವು ದಿನ ಕುಸಿದಿತ್ತು. ವೈದ್ಯರು ಕಾಗದಕ್ಕೆ ಮರಳಬೇಕಾಯಿತು.

ದೋಷ ಹುಡುಕುವ ಕ್ರಮ

ಉಳಿದ ಸೆಟ್ಟಿಂಗುಗಳೂ ಹೀಗೆ ಹಳೆಯ ತೊಂದರೆಗಳಿಗೆ ಸಿಕ್ಕ ಉತ್ತರಗಳೇ. ಆದ್ದರಿಂದ ಹೀಗೆ ನೋಡುತ್ತಾ ಹೋಗಿ.

ಮೊದಲು ದೀಪ, ಕೇಬಲ್. ಎರಡನೆಯದು ವೇಗ ಮತ್ತು ಡ್ಯೂಪ್ಲೆಕ್ಸ್. ಎರಡೂ ತುದಿಗಳು ತಾವೇ ಒಪ್ಪಂದ ಮಾಡಿಕೊಳ್ಳುವ ಪದ್ಧತಿ 1995ರ ಮಾನಕದಲ್ಲಿ ಬಂತು. ಒಂದು ತುದಿಯನ್ನು ಏಕಕಾಲಕ್ಕೆ ಎರಡೂ ದಿಕ್ಕಿಗೆ ಕಳುಹಿಸುವಂತೆ ನಾವೇ ಕಟ್ಟಿಹಾಕಿದರೆ, ಇನ್ನೊಂದು ತುದಿಗೆ ಅದು ತಿಳಿಯದೆ ಒಮ್ಮೆಗೆ ಒಂದೇ ದಿಕ್ಕಿನ ಕ್ರಮಕ್ಕೆ ಇಳಿಯುತ್ತದೆ. ಆಗ ಪಿಂಗ್ ಸಲೀಸಾಗಿ ಹೋಗುತ್ತದೆ, ದೊಡ್ಡ ಕಡತ ಮಾತ್ರ ತೆವಳುತ್ತದೆ. ಪೋರ್ಟಿನ ದೋಷಗಳ ಎಣಿಕೆ ಏರುತ್ತಿದ್ದರೆ ಇದನ್ನು ಶಂಕಿಸಿ.

ಮೂರನೆಯದು ವಿಲ್ಯಾನ್. ಒಂದೇ ಸ್ವಿಚ್ಚನ್ನು ಹಲವು ಜಾಲಗಳಾಗಿ ವಿಭಜಿಸುವ ಈ ಕ್ರಮದ ಮಾನಕ 1998ರದು. ಗುರುತಿನ ಸಂಖ್ಯೆಗೆ 12 ಬಿಟ್. ಬಳಸಬಹುದಾದ ಸಂಖ್ಯೆಗಳು 4094. ಪೋರ್ಟು ಬೇರೆ ವಿಲ್ಯಾನಿಗೆ ಸೇರಿದ್ದರೆ ದೀಪ ಉರಿಯುತ್ತದೆ, ಆದರೆ ಪಕ್ಕದ ಗಣಕವೇ ಕಾಣದು. ನಾಲ್ಕನೆಯದು ಸ್ಪ್ಯಾನಿಂಗ್ ಟ್ರೀ: ಬೇರು ಯಾವುದು, ಮುಚ್ಚಿದ ಪೋರ್ಟು ಯಾವುದು?

ಐದನೆಯದು ನಮ್ಮ ಕಡೆ ಬಹಳ ಮುಖ್ಯ. ಹಲವು ಸ್ವಿಚ್ಚುಗಳಲ್ಲಿ ಈಗ ನಡೆಯುತ್ತಿರುವ ಸೆಟ್ಟಿಂಗು ಬೇರೆ, ಉಳಿಸಿಟ್ಟದ್ದು ಬೇರೆ. ಉಳಿಸದಿದ್ದರೆ ಕರೆಂಟ್ ಹೋಗಿ ಬಂದಾಗ ನಿಮ್ಮ ಬದಲಾವಣೆ ಮಾಯ. ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಿ; ಭೌತವಿಜ್ಞಾನದ ಪ್ರಯೋಗದಲ್ಲಿ ಒಂದು ಪರಿಮಾಣವನ್ನಷ್ಟೇ ಬದಲಿಸುವುದಿಲ್ಲವೇ, ಹಾಗೆ.

ಮಸ್ಕಿಯ ಬಂಡೆ ಹೇಳುವುದು

ಅಂದು ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟಾಗ ದಾರಿಯಲ್ಲಿ ಮಸ್ಕಿ ಸಿಕ್ಕಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಶಾಸನಗಳಲ್ಲಿ ಸಿಗುತ್ತಿದ್ದುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳೇ. ಆ ರಾಜ ಅಶೋಕನೇ ಎಂಬುದನ್ನು ವಿದ್ವಾಂಸರು ಶ್ರೀಲಂಕಾದ ಗ್ರಂಥಗಳ ನೆರವಿನಿಂದ ಊಹಿಸಬೇಕಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಕಲ್ಲಿನ ಮೇಲೆ ಬರೆದ ಒಂದು ಹೆಸರು ಊಹೆಯನ್ನು ನಿಶ್ಚಯವಾಗಿಸಿತು.

ಸ್ವಿಚ್ಚಿನಲ್ಲೂ ಪ್ರತಿ ಪೋರ್ಟಿಗೆ ಹೆಸರು ಬರೆಯಲು ಅವಕಾಶವಿದೆ, ಬರೆಯಿರಿ. ಏನು ಬದಲಿಸಿದಿರಿ, ಏಕೆ, ಯಾವ ದಿನ ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ದಾಖಲಿಸಿ ಪೆಟ್ಟಿಗೆಯಲ್ಲೇ ಇಡಿ. ನಾವು ಸ್ಪ್ಯಾನಿಂಗ್ ಟ್ರೀಯನ್ನು ಮತ್ತೆ ಚಾಲೂ ಮಾಡಿ ಅಂತಹ ಪುಸ್ತಕದ ಮೊದಲ ಪುಟ ಬರೆದೆವು. ಪರೀಕ್ಷೆ ನಿಗದಿಯಾದ ದಿನವೇ ನಡೆಯಿತು; ಹೊಸ ಸ್ವಿಚ್ ತರಿಸಬೇಕಾಗಲಿಲ್ಲ.