ಹಡಗಿನಿಂದ ಕಲ್ಲಿನವರೆಗೆ: 'ಈವ್ ಆನ್‌ಲೈನ್' ಆಟಗಾರರ ಉಲ್ಟಾ ಲೆಕ್ಕ

ಇವತ್ತಿನದು ಒಂದು ಹಡಗಿನ ಕಥೆ. ಸಮುದ್ರದ ಹಡಗಲ್ಲ, ಆಟದ ಹಡಗು.

2006ರಲ್ಲಿ 'ಈವ್ ಆನ್‌ಲೈನ್' ಅನ್ನೋ ಬಾಹ್ಯಾಕಾಶದ ಆಟದಲ್ಲಿ ಮೊಟ್ಟಮೊದಲ ಟೈಟನ್ ತಯಾರಾಯಿತು. ಟೈಟನ್ ಅಂದ್ರೆ ಆ ಆಟದ ಅತಿ ದೊಡ್ಡ ಯುದ್ಧನೌಕೆ. ಅದನ್ನ ಕಟ್ಟಿದ್ದು ಆಟ ತಯಾರಿಸಿದ ಕಂಪನಿಯಲ್ಲ, ಅಸೆಂಡೆಂಟ್ ಫ್ರಾಂಟಿಯರ್ ಅನ್ನೋ ಆಟಗಾರರ ಒಕ್ಕೂಟ. ಅದೇ ವರ್ಷ ಡಿಸೆಂಬರ್‌ನಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಅನ್ನೋ ಎದುರಾಳಿ ಪಡೆ ಅದನ್ನ ಹೊಡೆದುರುಳಿಸಿತು. ಈ ಆಟದಲ್ಲಿ ಹಡಗು ಹೋದರೆ ಹೋಯಿತು, ಇನ್ನೊಂದು ಬೇಕಂದ್ರೆ ಮತ್ತೆ ಮೊದಲಿಂದ ಕಟ್ಟಬೇಕು. ಆ ಹಡಗಿನ ಹೆಸರು 'ಸ್ಟೀವ್'. ಅದರ ಅವಶೇಷವನ್ನ ಆಟದೊಳಗೇ ಸ್ಮಾರಕವಾಗಿ ಉಳಿಸಿದ್ದಾರೆ.

ಯುದ್ಧದ ಕಥೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಇರೋದು ಅದಕ್ಕೂ ಹಿಂದಿನ ಸಂಗತಿ ಬಗ್ಗೆ. ಇಷ್ಟು ದೊಡ್ಡ ಹಡಗಿಗೆ ಎಷ್ಟು ಕಲ್ಲು ಅಗೀಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿರಬೇಕಲ್ಲ?

ಆಟ ಗೊತ್ತಿಲ್ಲದೋರಿಗೆ ಎರಡು ಮಾತು. 'ಈವ್' ಶುರುವಾಗಿದ್ದು 2003ರ ಮೇ ತಿಂಗಳಲ್ಲಿ, ಐಸ್‌ಲ್ಯಾಂಡ್‌ನ ರೇಕ್ಯಾವಿಕ್ ನಗರದ ಸಿಸಿಪಿ ಕಂಪನಿಯಿಂದ. ಚೀನಾಕ್ಕೆ ಪ್ರತ್ಯೇಕ ಸರ್ವರ್ ಇದೆ. ಉಳಿದ ಪ್ರಪಂಚದ ಆಟಗಾರರೆಲ್ಲ ಒಂದೇ ಬ್ರಹ್ಮಾಂಡದಲ್ಲಿ ಇರ್ತಾರೆ. ಅಲ್ಲಿ ಮಾರುಕಟ್ಟೆಗೆ ಬರೋ ಹಡಗು, ಬಂದೂಕು, ಗುಂಡುಗಳಲ್ಲಿ ಬಹುಪಾಲು ಆಟಗಾರರೇ ಮಾಡಿದ್ದು. ಕ್ಷುದ್ರಗ್ರಹ ಅಗೆದರೆ ಅದಿರು ಸಿಗುತ್ತೆ. ಅದಿರನ್ನ ಶುದ್ಧೀಕರಿಸಿದರೆ ಟ್ರಿಟೇನಿಯಂ, ಮೆಕ್ಸಲಾನ್, ಐಸೋಜೆನ್ ತರದ ಖನಿಜ ಸಿಗುತ್ತೆ. ಖನಿಜದಿಂದ ಬಿಡಿಭಾಗ, ಬಿಡಿಭಾಗದಿಂದ ಹಡಗು. ಯಾವುದಕ್ಕೆ ಏನೇನು ಎಷ್ಟೆಷ್ಟು ಬೇಕು ಅಂತ ಹೇಳೋದು ಬ್ಲೂಪ್ರಿಂಟ್.

ಮದುವೆ ಮನೆ ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಬರೆಸೋದನ್ನ ನೋಡಿದ್ದೀರಾ? ಅವರು ಅಂಗಡಿಯಿಂದ ಶುರು ಮಾಡಲ್ಲ, ಎಲೆಯಿಂದ ಶುರು ಮಾಡ್ತಾರೆ. ಎಷ್ಟು ಎಲೆ, ಎಲೆಗೆ ಎಷ್ಟು ಹೋಳಿಗೆ, ಅಷ್ಟು ಹೋಳಿಗೆಗೆ ಎಷ್ಟು ಹೂರಣ, ಅಷ್ಟು ಹೂರಣಕ್ಕೆ ಎಷ್ಟು ಬೇಳೆ, ಎಷ್ಟು ಬೆಲ್ಲ. ಹಿಂದಿನಿಂದ ಮುಂದಕ್ಕೆ. ಈವ್ ಆಟಗಾರರು ಮಾಡೋದೂ ಇದನ್ನೇ. ಕೈ ತಪ್ಪೋದು ಮಧ್ಯದ ಹಂತಗಳಲ್ಲಿ.

ಒಂದು ಸಣ್ಣ ಲೆಕ್ಕ ಹಾಕೋಣ, ಅಂಕಿಗಳು ನನ್ನವೇ. ಒಂದು ಹಡಗಿಗೆ 100 ಬಿಡಿಭಾಗ, ಒಂದೊಂದು ಭಾಗಕ್ಕೆ 1,000 ಟ್ರಿಟೇನಿಯಂ. ಒಟ್ಟು 1 ಲಕ್ಷ. ಬ್ಲೂಪ್ರಿಂಟನ್ನ ಸಂಶೋಧನೆ ಮಾಡಿ ಸುಧಾರಿಸಿದರೆ ಈಗಿನ ನಿಯಮದಲ್ಲಿ ಗರಿಷ್ಠ ಶೇ 10ರಷ್ಟು ಸಾಮಗ್ರಿ ಉಳಿಯುತ್ತೆ. ಹಡಗಿನ ಬ್ಲೂಪ್ರಿಂಟೂ ಸುಧಾರಿಸಿದ್ದು, ಬಿಡಿಭಾಗದ್ದೂ ಸುಧಾರಿಸಿದ್ದು ಅಂದ್ರೆ 90 ಭಾಗ, ಭಾಗಕ್ಕೆ 900. ಒಟ್ಟು 81,000. ಉಳಿತಾಯ ಶೇ 20 ಅಲ್ಲ, 19.

ಇಲ್ಲಿವರೆಗೆ ಸುಲಭ. ಈಗ ಅದಿರು. ನಿಮ್ಮ ಶುದ್ಧೀಕರಣದಲ್ಲಿ ಶೇ 80 ಮಾತ್ರ ಕೈಗೆ ಸಿಗುತ್ತೆ ಅಂದ್ಕೊಳ್ಳಿ. ಹೊಸಬರು ಏನು ಮಾಡ್ತಾರೆ? 'ಶೇ 20 ಹಾಳಾಗುತ್ತೆ, ಹಾಗಾದ್ರೆ ಶೇ 20 ಜಾಸ್ತಿ ಅಗೆಯೋಣ' ಅಂತ 97,200ಕ್ಕೆ ಆಗೋಷ್ಟು ಅದಿರು ತರ್ತಾರೆ. ಕರಗಿಸಿದಾಗ ಸಿಗೋದು 77,760. ಇನ್ನೂ 3,240 ಕೊರತೆ! ಇಲ್ಲಿ ಕೂಡಬಾರದು, ಭಾಗಿಸಬೇಕು. 81,000ವನ್ನ 0.8ರಿಂದ ಭಾಗಿಸಿದರೆ 1,01,250.

ಇನ್ನೊಂದು ತಮಾಷೆ ಇದೆ. ಒಂದು ವಸ್ತುವಿಗೆ 5 ಬಿಡಿಭಾಗ ಬೇಕು, ಶೇ 10 ಉಳಿತಾಯ ಅಂದ್ರೆ ನಾಲ್ಕೂವರೆ. ಅರ್ಧ ಭಾಗ ಅನ್ನೋದು ಇಲ್ಲವಲ್ಲ, ಆಟ ಅದನ್ನ 5 ಅಂತಲೇ ತಗೊಳ್ಳುತ್ತೆ. ಅದನ್ನೇ ಒಂದೇ ಸಲಕ್ಕೆ 10 ವಸ್ತು ಮಾಡೋಕೆ ಹಾಕಿದರೆ 45 ಸಾಕು. ಒಂದೊಂದಾಗಿ ಹತ್ತು ಸಲ ಹಾಕಿದರೆ 50. ಸಾವಿರಾರು ಭಾಗಗಳ ಹಡಗಲ್ಲಿ ಈ ಚಿಲ್ಲರೆ ಎಷ್ಟಾಗಬಹುದು ನೀವೇ ಯೋಚಿಸಿ.

ಇದು ಆಟಗಾರರು ಕಂಡುಹಿಡಿದ ಲೆಕ್ಕ ಅಲ್ಲ. ಹಾರ್ವರ್ಡ್‌ನಲ್ಲಿದ್ದ ವಾಸಿಲಿ ಲಿಯೊಂಟಿಫ್ ಅನ್ನೋ ಅರ್ಥಶಾಸ್ತ್ರಜ್ಞ 1936ರಲ್ಲಿ ಇಡೀ ಅಮೆರಿಕದ ಆರ್ಥಿಕತೆಯನ್ನೇ ಇಂಥ ಪಟ್ಟಿಯಾಗಿ ಬರೆದು ಪ್ರಕಟಿಸಿದ್ದ. ಒಂದು ಕಾರು ಹೆಚ್ಚು ಬೇಕಂದ್ರೆ ಉಕ್ಕು ಎಷ್ಟು, ಆ ಉಕ್ಕಿಗೆ ಕಲ್ಲಿದ್ದಲು ಎಷ್ಟು? ಅಷ್ಟೇ ಅಲ್ಲ, ಆ ಕಲ್ಲಿದ್ದಲು ತೆಗೆಯೋ ಯಂತ್ರಕ್ಕೆ ಮತ್ತೆ ಉಕ್ಕು ಎಷ್ಟು? ನಿಜವಾದ ಕೈಗಾರಿಕೆಯಲ್ಲಿ ಸರಪಳಿ ತನ್ನ ಬಾಲವನ್ನೇ ಕಚ್ಚುತ್ತೆ. ಈವ್‌ನಲ್ಲಿ ಅದು ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಹರಿಯುತ್ತೆ, ಆ ಮಟ್ಟಿಗೆ ಆಟಗಾರರು ಪುಣ್ಯವಂತರು. 1949ರಲ್ಲಿ ಲಿಯೊಂಟಿಫ್ 42 ವಲಯಗಳ ಸಮೀಕರಣಗಳನ್ನ ಹಾರ್ವರ್ಡ್‌ನ ಮಾರ್ಕ್-2 ಕಂಪ್ಯೂಟರಿಗೆ ಕೊಟ್ಟಾಗ ಉತ್ತರ ಬರೋಕೆ 56 ಗಂಟೆ ಬೇಕಾಯಿತು. 1973ರಲ್ಲಿ ಅವನಿಗೆ ನೊಬೆಲ್ ಬಂತು.

ಕಾರ್ಖಾನೆಗಳಿಗೆ ಇದೇ ಲೆಕ್ಕವನ್ನ ಹೊಂದಿಸಿದವರಲ್ಲಿ ಆಂಡ್ರ್ಯೂ ವಾಜೊನಿ ಅನ್ನೋ ಗಣಿತಜ್ಞ ಒಬ್ಬ. 'ಇದು ಇಟಲಿಯ ಪ್ರಸಿದ್ಧ ಗಣಿತಜ್ಞ ಝೆಪಾರ್ಟ್‌ಝಾಟ್ ಗೊಝಿಂಟೊ ಅವರ ವಿಧಾನ' ಅಂತ ಅವನು ಹೇಳ್ತಿದ್ದ. ಅಂಥ ಮನುಷ್ಯನೇ ಇಲ್ಲ! ಆ ಹೆಸರನ್ನ ಬೇಗ ಬೇಗ ಹೇಳಿ ನೋಡಿ: 'ದ ಪಾರ್ಟ್ ದಟ್ ಗೋಸ್ ಇಂಟು'. ಒಳಗೆ ಹೋಗೋ ಬಿಡಿಭಾಗ. ಆ ಜೋಕು ಪಠ್ಯಪುಸ್ತಕಕ್ಕೂ ಸೇರಿ, ಇವತ್ತಿಗೂ ಅಂಥ ನಕ್ಷೆಗೆ ಗೊಝಿಂಟೊ ಗ್ರಾಫ್ ಅಂತಲೇ ಹೆಸರು.

ಮತ್ತೆ ಐಸ್‌ಲ್ಯಾಂಡ್‌ಗೆ ಬರೋಣ. 2007ರಲ್ಲಿ ಸಿಸಿಪಿ ಕಂಪನಿ ಎಯೋಲ್ಫರ್ ಗುಡ್ಮುಂಡ್ಸನ್ ಅನ್ನೋ ಅರ್ಥಶಾಸ್ತ್ರಜ್ಞರನ್ನ ಕೆಲಸಕ್ಕೆ ತಗೊಂಡಿತು. ಆಟದೊಳಗಿನ ಬೆಲೆ, ಉತ್ಪಾದನೆಗಳನ್ನ ನೋಡಿ ವರದಿ ಬರೆಯೋದು ಅವರ ಕೆಲಸ ಆಗಿತ್ತು. ಇತ್ತ ಆಟಗಾರರ ನಡುವೆ ಒಂದು ಜಗಳ ಇವತ್ತಿಗೂ ಮುಗಿದಿಲ್ಲ: 'ನಾನೇ ಅಗೆದ ಖನಿಜ ನನಗೆ ಪುಕ್ಕಟೆ' ಅನ್ನೋ ವಾದ.

ನೋಡಿ, ನೀವು ವಾರಗಟ್ಟಲೆ ಅಗೆದ ಖನಿಜಕ್ಕೆ ಮಾರುಕಟ್ಟೆಯಲ್ಲಿ 10 ಕೋಟಿ ಇಸ್ಕ್ ಬೆಲೆ ಇದೆ. ಇಸ್ಕ್ ಅಂದ್ರೆ ಆಟದ ಹಣ. ಅದರಿಂದ ಹಡಗು ಕಟ್ಟಿ 9 ಕೋಟಿಗೆ ಮಾರಿದಿರಿ. ಜೇಬಿಂದ ಏನೂ ಹೋಗಿಲ್ಲ, 9 ಕೋಟಿ ಲಾಭ ಅನಿಸುತ್ತೆ. ಅಲ್ಲ, 1 ಕೋಟಿ ನಷ್ಟ. ಖನಿಜವನ್ನ ಹಾಗೇ ಮಾರಿದ್ದರೆ 10 ಬರ್ತಿತ್ತು, ಕಟ್ಟೋ ತಲೆನೋವೂ ಇರ್ತಿರಲಿಲ್ಲ. ಮನೆ ತೋಟದ ಕಾಯಿ ಅಂತ ಕೊಬ್ಬರಿ ಮಿಠಾಯಿ ಲೆಕ್ಕದಲ್ಲಿ ತೆಂಗಿನಕಾಯಿಗೆ ಸೊನ್ನೆ ಬರೆದ ಹಾಗೆ ಇದು. ಮನೆಯವರು ಗದ್ದೆಯಲ್ಲಿ ದುಡಿದ ಕೂಲಿ ಬಿಟ್ಟು ಬೆಳೆಯ ಲಾಭ ಹೇಳೋರನ್ನ ನಾವು ನೋಡಿಲ್ವಾ? ಪಟ್ಟಿಯಲ್ಲಿ ಎಲ್ಲಕ್ಕೂ ಬೆಲೆ ಇರುತ್ತೆ, ನಮ್ಮ ಸಮಯಕ್ಕೆ ಮಾತ್ರ ಇರಲ್ಲ. ನಾನೂ ಹೀಗೆ ಲೆಕ್ಕ ಹಾಕಿಕೊಂಡು ಖುಷಿಪಟ್ಟವನೇ.

2014 ಈ ಕಥೆಯಲ್ಲಿ ದೊಡ್ಡ ವರ್ಷ. ಜನವರಿ ಕೊನೆಯಲ್ಲಿ ಬಿ-ಆರ್5ಆರ್‌ಬಿ ಅನ್ನೋ ಜಾಗದಲ್ಲಿ 7,500ಕ್ಕೂ ಹೆಚ್ಚು ಆಟಗಾರರು ಸುಮಾರು 21 ಗಂಟೆ ಕಾದಾಡಿದರು. 75 ಟೈಟನ್‌ಗಳು ನಾಶವಾದವು. ಒಂದು ಪ್ರದೇಶದ ಬಾಡಿಗೆ ಹಣ ಸಮಯಕ್ಕೆ ಕಟ್ಟಿಲ್ಲ ಅನ್ನೋದರಿಂದ ಹೊತ್ತಿಕೊಂಡ ಬೆಂಕಿ ಅದು. ಸುದ್ದಿ ಮಾಧ್ಯಮಗಳು ನಷ್ಟವನ್ನ ಡಾಲರ್‌ನಲ್ಲಿ ಎಣಿಸಿದವು. ಆ 75ರ ಒಂದೊಂದರ ಹಿಂದೆಯೂ ಯಾರೋ ಬರೆದ ಒಂದು ಸಾಮಾನಿನ ಪಟ್ಟಿ ಇತ್ತು.

ಅದೇ ಜುಲೈನಲ್ಲಿ 'ಕ್ರಿಯಸ್' ಅನ್ನೋ ಅಪ್‌ಡೇಟ್ ಬಂದು ಲೆಕ್ಕದ ಸೂತ್ರವನ್ನೇ ಬದಲಿಸಿತು. ಅದಕ್ಕೂ ಮುಂಚೆ ಬ್ಲೂಪ್ರಿಂಟಿನಲ್ಲಿ 'ವ್ಯರ್ಥ' ಅನ್ನೋ ಕಲ್ಪನೆ ಇತ್ತು. ಸಾಮಾನ್ಯವಾಗಿ ಶೇ 10 ಸಾಮಗ್ರಿ ಹಾಳು. ಒಂದು ಹಂತ ಸಂಶೋಧಿಸಿದರೆ ಅದು ಶೇ 5, ನಾಲ್ಕನೇ ಹಂತಕ್ಕೆ 2, ಒಂಬತ್ತಕ್ಕೆ 1. ಎಷ್ಟು ಸಂಶೋಧಿಸಿದರೂ ಸೊನ್ನೆ ಆಗಲ್ಲ, ಆದರೂ ಬಿಡದೆ ಮುಂದುವರಿಸೋರು ಇದ್ದರು. ಕ್ರಿಯಸ್ ಬಂದ ಮೇಲೆ ಹತ್ತೇ ಹಂತ, ಹಂತಕ್ಕೆ ಶೇ 1 ಉಳಿತಾಯ. ಹಳಬರ ಎಕ್ಸೆಲ್ ಶೀಟುಗಳೆಲ್ಲ ಒಂದೇ ದಿನದಲ್ಲಿ ಹಳತಾದವು. 2021ರಲ್ಲಿ ಮತ್ತೆ ಬದಲಾವಣೆ: ದೊಡ್ಡ ಹಡಗುಗಳ ಪಟ್ಟಿಗೆ ಹೊಸ ಹಂತಗಳು ಸೇರಿ ಸರಪಳಿ ಇನ್ನೂ ಉದ್ದವಾಯಿತು, ಹಡಗುಗಳ ಬೆಲೆ ಏರಿತು. ಬೇಸರ ಮಾಡ್ಕೊಂಡವರು ಬೈದರು, ಆಮೇಲೆ ಕೂತು ಹೊಸ ಶೀಟು ಬರೆದರು.

ಈವ್ ಅಂದ್ರೆ 'ಬಾಹ್ಯಾಕಾಶದ ಸ್ಪ್ರೆಡ್‌ಶೀಟ್' ಅಂತ ಹೊರಗಿನವರು ಗೇಲಿ ಮಾಡೋದು ಹಳೇ ಮಾತು. 2022ರ ಮೇ ತಿಂಗಳಲ್ಲಿ ರೇಕ್ಯಾವಿಕ್‌ನಲ್ಲಿ ಆಟಗಾರರ ವಾರ್ಷಿಕ ಸಮಾವೇಶ ನಡೀತು. ಆಟದ ದತ್ತಾಂಶ ನೇರವಾಗಿ ಎಕ್ಸೆಲ್‌ಗೆ ಬರೋ ಹಾಗೆ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿದ್ದೀವಿ ಅಂತ ಸಿಸಿಪಿ ಅಲ್ಲಿ ಘೋಷಿಸಿತು. ಸಭಾಂಗಣದಲ್ಲಿ ಎದ್ದ ಕೇಕೆ, ಚಪ್ಪಾಳೆ ಕೇಳಿದ್ದರೆ ಹೊಸ ಟೈಟನ್ ಬಂತೇನೋ ಅಂದ್ಕೊಳ್ತಿದ್ರಿ.