ನಮ್ಮೂರಿಗೆ ಸಿಡಿ ಬಂದಿದ್ದು ಡಿವಿಡಿ ಪ್ಲೇಯರ್ ಹೆಗಲೇರಿ

'ಸಿಡಿ ಪ್ಲೇಯರ್ ಸೌಂಡೇ ಬೇರೆ, ಡಿವಿಡಿ ಪ್ಲೇಯರ್‌ದು ಬರೀ ತಗಡು' ಅನ್ನುವ ಮಾತು ನೀವೂ ಕೇಳಿರಬಹುದು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಬರೀ ಹಾಡು ಕೇಳಲೆಂದು ಸಿಡಿ ಪ್ಲೇಯರ್ ಕೊಂಡ ಮನೆ ಹುಡುಕುವುದೇ ಕಷ್ಟ. ನಾವು ಟೇಪ್ ರೆಕಾರ್ಡರಿನಿಂದ ನೇರ ವಿಸಿಡಿ, ಡಿವಿಡಿಗೆ ನೆಗೆದವರು. ಹಾಗಿದ್ದರೆ ಈ ಹೋಲಿಕೆ ಎಲ್ಲಿಂದ ಬಂತು?

ಸೋನಿಯ ಮೊದಲ ಸಿಡಿ ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1982ರ ಅಕ್ಟೋಬರ್ 1ರಂದು. ಬೆಲೆ 1,68,000 ಯೆನ್. ಆಗ ನಮ್ಮ ಕಡೆ ಕ್ಯಾಸೆಟ್ಟೇ ಹೊಸದು. ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂದಿತ್ತು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿ ಅವರ 'ಮೈಸೂರ ಮಲ್ಲಿಗೆ' 1942ರ ಪುಸ್ತಕ. ಅದನ್ನು ಕಣ್ಣಲ್ಲಿ ಕಾಣದವರಿಗೂ ಅದರ ಹಾಡುಗಳು ಬಾಯಿಗೆ ಬಂದದ್ದು ರೇಡಿಯೋ, ಕ್ಯಾಸೆಟ್‌ಗಳಿಂದ. ಟೇಪ್ ರೆಕಾರ್ಡರ್ ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಹಾಡುತ್ತಿತ್ತು. ರೀಲು ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತಿದರಾಯಿತು. ಅದನ್ನು ಬಿಟ್ಟು ದುಬಾರಿ ಸಿಡಿ ಪ್ಲೇಯರ್ ತರಲು ಹಳ್ಳಿಯ ಮನೆಗೆ ಕಾರಣವೇ ಇರಲಿಲ್ಲ.

ಕಾರಣ ಕೊಟ್ಟದ್ದು ಸಿನಿಮಾ. ವಿಸಿಡಿ ಡಿಸ್ಕಿನಲ್ಲಿ 74 ನಿಮಿಷದಷ್ಟೇ ಚಿತ್ರ ಹಿಡಿಯುತ್ತಿದ್ದರಿಂದ ಒಂದು ಸಿನಿಮಾಗೆ ಎರಡು ಡಿಸ್ಕ್. ಇಂಟರ್ವಲ್ ಹೊತ್ತಿಗೆ ಯಾರಾದರೂ ಎದ್ದು ಬದಲಿಸಬೇಕು. ಆಮೇಲೆ ಡಿವಿಡಿ ಪ್ಲೇಯರ್ ಅಗ್ಗವಾಯಿತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಸಿನಿಮಾಗೆಂದು ತಂದ ಪೆಟ್ಟಿಗೆ ಹಾಡಿನ ಸಿಡಿಯನ್ನೂ ಓದುತ್ತಿತ್ತು. ಸಿಡಿ ನಮ್ಮ ಮನೆಗಳಿಗೆ ಬಂದದ್ದು ಹೀಗೆ, ಬಿಟ್ಟಿಯಾಗಿ.

ಈಗ ಸೌಂಡಿನ ವಿಷಯ. ಆಡಿಯೋ ಸಿಡಿಯಲ್ಲಿ ಸದ್ದು ಸೆಕೆಂಡಿಗೆ 44,100 ಅಳತೆಗಳಾಗಿ, ಅಂಕಿಗಳ ರೂಪದಲ್ಲಿ ಕೂತಿರುತ್ತದೆ. ಡಿಸ್ಕ್ ಚೆನ್ನಾಗಿದ್ದರೆ ಎರಡೂ ಯಂತ್ರ ಅದೇ ಅಂಕಿಗಳನ್ನೇ ಓದುತ್ತವೆ. ವ್ಯತ್ಯಾಸ ಹುಟ್ಟುವುದು ಆಮೇಲೆ, ಅಂಕಿಯನ್ನು ಸದ್ದಾಗಿಸುವ ಚಿಪ್ಪು, ಅದರ ಸುತ್ತಲಿನ ಸರ್ಕ್ಯೂಟ್ ಮತ್ತು ಪವರ್ ಸಪ್ಲೈನಲ್ಲಿ. ಅಗ್ಗದ ಡಿವಿಡಿ ಪ್ಲೇಯರಿನಲ್ಲಿ ಚಿತ್ರದ ಕೆಲಸವೂ ಸದ್ದಿನ ಕೆಲಸವೂ ಒಂದೇ ಇಕ್ಕಟ್ಟಿನ ಬೋರ್ಡಿನಲ್ಲಿ ನಡೆಯುತ್ತದೆ. ಒಳ್ಳೆಯ ಸಿಡಿ ಪ್ಲೇಯರನ್ನು ಎತ್ತಿ ನೋಡಿದರೇ ತೂಕ ಗೊತ್ತಾಗುತ್ತದೆ, ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್ ಇರುತ್ತದೆ.

ಸ್ನೇಹಿತರೊಬ್ಬರ ಮೈಕ್‌ಸೆಟ್ ಅಂಗಡಿಯಲ್ಲಿ ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಕಟ್ಟಿ, ಒಂದೇ ಭಾವಗೀತೆ ಸಿಡಿ ಹಾಕಿ, ವಾಲ್ಯೂಮ್ ಸಮ ಮಾಡಿ ಕೇಳಿದೆವು. ಯಂತ್ರ ಕಾಣದಂತೆ ಕೂತರೆ ಯಾವುದು ಯಾವುದೆಂದು ಹೇಳಲು ತಡವರಿಸಿದೆವು. ಹಾಡು ನಿಂತು ಸದ್ದಡಗುವ ಜಾಗದಲ್ಲಿ ಸಿಡಿ ಪ್ಲೇಯರ್ ಸ್ವಲ್ಪ ಸ್ವಚ್ಛ ಅನ್ನಿಸಿತು, ಅಷ್ಟೇ. ಡಿವಿಡಿ ಪ್ಲೇಯರಿಗೆ ಕೇಬಲ್ ಟಿವಿಯನ್ನೂ ಸಿಕ್ಕಿಸಿದಾಗ ಮಾತ್ರ ಗುಂಯ್ ಎನ್ನುವ ಸದ್ದು ಎಲ್ಲರಿಗೂ ಕೇಳಿತು. ಟಿವಿ ವೈರ್ ಕಿತ್ತರೆ ಅದೂ ಹೋಯಿತು.

ಹಾಗಾದರೆ 'ತಗಡು' ಯಾವುದು? ನಮ್ಮ ಲೆಕ್ಕದಲ್ಲಿ ಒಂದು, ಟಿವಿಯ ಪುಟ್ಟ ಸ್ಪೀಕರ್. ಬಿಳಿ, ಕೆಂಪು ವೈರನ್ನು ಆಂಪ್ಲಿಫೈಯರ್‌ಗೆ ಹಾಕದೆ ಟಿವಿಗೇ ಹಾಕಿ ಕೇಳಿದವರೇ ಹೆಚ್ಚು. ಇನ್ನೊಂದು, ಎಂಪಿ3. ಆಡಿಯೋ ಸಿಡಿಯಲ್ಲಿ ಹಿಡಿಯುವುದು 80 ನಿಮಿಷದ ಹಾಡು. ಅದೇ 700 ಎಂಬಿ ಡಿಸ್ಕಿಗೆ 128 ಕೆಬಿಪಿಎಸ್ ಎಂಪಿ3 ತುಂಬಿದರೆ ಹನ್ನೆರಡು ಗಂಟೆ ಹತ್ತಿರ ಹಿಡಿಯುತ್ತದೆ, ಅಂದರೆ ಸದ್ದಿನ ಮಾಹಿತಿ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಸಂತೆಯಲ್ಲಿ 'ನೂರು ಹಾಡು, ಒಂದೇ ಸಿಡಿ' ಎಂದು ಮಾರುತ್ತಿದ್ದದ್ದು ಇದನ್ನೇ. ಹಳೇ ಸಿಡಿ ಪ್ಲೇಯರ್‌ಗಳು ಎಂಪಿ3 ಓದುತ್ತಲೇ ಇರಲಿಲ್ಲ, ಹಾಗಾಗಿ ಅವಕ್ಕೆ ಸಿಕ್ಕಿದ್ದು ಒಳ್ಳೆಯ ಡಿಸ್ಕ್ ಮಾತ್ರ. ಡಿವಿಡಿ ಪ್ಲೇಯರ್ ಸಿಕ್ಕಿದ್ದನ್ನೆಲ್ಲ ನುಂಗಿತು, ಕೆಟ್ಟ ಹೆಸರನ್ನೂ ಹೊತ್ತುಕೊಂಡಿತು. ಪಾಪ.

ಇದನ್ನೆಲ್ಲ ಈಗ ಯಾಕೆ ಕೆದಕುತ್ತಿದ್ದೇವೆ ಅಂದರೆ, ಆ ವರ್ಷಗಳಲ್ಲಿ ನಾವು ಬರೀ ಕೊಳ್ಳಲಿಲ್ಲ, ಬರೆಸಿಯೂ ಇಟ್ಟೆವು. ನಾಗಮಂಗಲ ತಾಲ್ಲೂಕಿನವರಾದ ಎಚ್.ಎಲ್. ನಾಗೇಗೌಡರು ರಾಮನಗರದ ಜಾನಪದ ಲೋಕದಲ್ಲಿ ಜನಪದ ಹಾಡುಗಳ ಧ್ವನಿಮುದ್ರಣಗಳನ್ನು ಕೂಡಿಸಿಡುವ ವ್ಯವಸ್ಥೆ ಮಾಡಿದರು. ನಿಮ್ಮಜ್ಜಿ ಮದುವೆಯಲ್ಲಿ ಹೇಳಿದ ಸೋಬಾನೆ ಅಲ್ಲಿರುವುದಿಲ್ಲ. ಅದು ನಿಮ್ಮ ಬೀರುವಿನಲ್ಲಿದೆ, ಸ್ಟುಡಿಯೋದವರು ಕೊಟ್ಟ ಡಿಸ್ಕಿನಲ್ಲಿ. ಕಂಪನಿಯ ಸಿಡಿಯಂತೆ ಅದು ಅಚ್ಚೊತ್ತಿದ್ದಲ್ಲ, ಬಣ್ಣದ ಪದರದ ಮೇಲೆ ಲೇಸರ್ ಬರೆದದ್ದು. ಬಿಸಿಲು, ತೇವಕ್ಕೆ ಆ ಪದರ ಕೆಡುತ್ತದೆ.

ಸಿಡಿ ಡ್ರೈವ್ ಇರುವ ಕಂಪ್ಯೂಟರ್ ಸಿಕ್ಕಾಗ ನಕಲು ಮಾಡಿಸಿ. ಆಡಿಯೋ ಸಿಡಿಯಾದರೆ ಎಂಪಿ3 ಬೇಡ, 'ವೇವ್' ಫೈಲ್ ಕೇಳಿ. ಒಂದು ಗಂಟೆಗೆ ಸುಮಾರು 600 ಎಂಬಿ, 8 ಜಿಬಿ ಪೆನ್‌ಡ್ರೈವಿಗೆ ಹನ್ನೆರಡು ಗಂಟೆಯ ಹಾಡು ಹಿಡಿಯುತ್ತದೆ. ಮದುವೆ ಡಿವಿಡಿಯಾದರೆ ಒಳಗಿನ ಫೈಲುಗಳನ್ನು ಇದ್ದಂತೆಯೇ ನಕಲು ಮಾಡಿಸಿ. ಕಂಪ್ಯೂಟರ್ ಓದದ ಡಿಸ್ಕನ್ನು ಕೆಲವೊಮ್ಮೆ ಹಳೇ ಡಿವಿಡಿ ಪ್ಲೇಯರ್ ಓದುತ್ತದೆ. ಆಗ ಅದೇ ಬಿಳಿ, ಕೆಂಪು ವೈರಿನಿಂದ ಸದ್ದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಅಲ್ಲಿವರೆಗೆ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ.